ಓದುಗರ ಪ್ರಶ್ನೆಗಳಿಗೆ ಉತ್ತರ: ಮನೆಯಲ್ಲೇ ಮಾಡಿ ಹಾರಿಸುವ ರಿಮೋಟ್ ವಿಮಾನ

ಪ್ರಶ್ನೆ: ರಿಮೋಟ್ ವಿಮಾನವನ್ನು ನಾನೇ ಮಾಡಿ ಹಾರಿಸಲು ಕಲಿಯಬೇಕೆಂದಿದ್ದೇನೆ. ಯುದ್ಧವಿಮಾನದ ಮಾದರಿ ಇಷ್ಟ. ಮೋಟಾರು, ಬ್ಯಾಟರಿ ಯಾವುದು ಹಾಕಲಿ?

ಉತ್ತರ: ಯುದ್ಧವಿಮಾನ ಸದ್ಯಕ್ಕೆ ಬೇಡ. ಅದರ ರೆಕ್ಕೆ ಚಿಕ್ಕದು, ಆದ್ದರಿಂದ ವೇಗವಾಗಿಯೇ ಹಾರಬೇಕು. ಕಲಿಯುವವರಿಗೆ ಯೋಚಿಸಲು ಸಮಯವೇ ಸಿಗುವುದಿಲ್ಲ. ರೆಕ್ಕೆ ಒಡಲಿನ ಮೇಲೆ ಕೂತಿರುವ ಟ್ರೈನರ್ (ಕಲಿಯುವವರ) ಮಾದರಿಯಿಂದ ಶುರು ಮಾಡಿ. 5 ಮಿ.ಮೀ. ದಪ್ಪದ ಫೋಮ್ ಬೋರ್ಡ್ ಸಾಕು. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1,200 ಮಿ.ಮೀ., ಅಗಲ 200 ಮಿ.ಮೀ. ಇರಲಿ. ಎರಡೂ ತುದಿಗಳು ನಡುಭಾಗಕ್ಕಿಂತ 50–60 ಮಿ.ಮೀ. ಮೇಲಿರುವಂತೆ ನಡುವೆ ಬಾಗಿಸಿ, ಆ ಜಾಗಕ್ಕೆ ಒಳಗಿನಿಂದ ಗಟ್ಟಿ ಮರದ ಪಟ್ಟಿ ಅಂಟಿಸಿ. ಈ ಬಾಗು ಇದ್ದರೆ ವಾಲಿದ ವಿಮಾನ ತಾನಾಗಿ ಸಮಕ್ಕೆ ಬರುತ್ತದೆ, ಬಾಲದಲ್ಲಿ ನೆಟ್ಟಗೆ ನಿಂತು ಎಡಬಲ ಆಡುವ ಪಟ್ಟಿಯಿಂದಲೇ, ಅಂದರೆ ಬರೀ ರಡ್ಡರಿನಿಂದ ತಿರುಗುತ್ತದೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ, ಅಂದರೆ ಐಲರಾನ್ ಬೇಕಿಲ್ಲ. ರಡ್ಡರಿಗೊಂದು, ಬಾಲದಲ್ಲಿ ಅಡ್ಡಲಾಗಿದ್ದು ಮೇಲೆ ಕೆಳಗೆ ಆಡುವ ಎಲಿವೇಟರಿಗೊಂದು, ಹೀಗೆ ಎರಡು ಸರ್ವೋಗಳಲ್ಲಿ (ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳು) ಕೆಲಸ ಮುಗಿಯಿತು.

2212 ಅಳತೆಯ 1000 ಕೆವಿ (ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಷ್‌ಲೆಸ್ ಮೋಟಾರು, 10 ಇಂಚಿನ ಪ್ರೊಪೆಲರ್, 30 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ), 3 ಸೆಲ್ಲಿನ 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 9 ಗ್ರಾಂ ಸರ್ವೋ ಎರಡು. ಎಲ್ಲ ಸೇರಿ 800 ಗ್ರಾಂ ದಾಟದಂತೆ ನೋಡಿಕೊಳ್ಳಿ. ಮೇಜಿನ ಮೇಲೆ ಮೋಟಾರು ಪರೀಕ್ಷಿಸುವಾಗ ಪ್ರೊಪೆಲರ್ ಬಿಚ್ಚಿಡಲೇಬೇಕು. ಬೆರಳು ಕತ್ತರಿಸುವಷ್ಟು ಬಲ ಅದಕ್ಕಿದೆ. ಮೋಟಾರು ಉಲ್ಟಾ ತಿರುಗಿದರೆ ಅದರ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ.

ಪ್ರಶ್ನೆ: ಕೈಯಿಂದ ಎಸೆದ ಕೂಡಲೇ ವಿಮಾನ ಮೂತಿ ಎತ್ತಿ, ಎಡಕ್ಕೆ ವಾಲಿ ನೆಲಕ್ಕೆ ಬಡಿಯುತ್ತದೆ. ರಿಪೇರಿ ಮಾಡಿ ಮಾಡಿ ಸಾಕಾಗಿದೆ. ಇನ್ನೂ ದೊಡ್ಡ ಮೋಟಾರು ಹಾಕಬೇಕೇ?

ಉತ್ತರ: ಹಾಕಬೇಡಿ, ತೊಂದರೆ ಹೆಚ್ಚುತ್ತದೆ. ತಪ್ಪು ಬಹುತೇಕ ತೂಕದ ಹಂಚಿಕೆಯಲ್ಲಿದೆ. ಮನೆಯಲ್ಲಿ ಮಾಡಿದ ವಿಮಾನಗಳ ಬಾಲಕ್ಕೆ ಅಂಟು, ಟೇಪು ಸುರಿದಿರುತ್ತದೆ. ರೆಕ್ಕೆಯಿಂದ ಬಾಲ ದೂರ, ಮೂತಿ ಹತ್ತಿರ. ಹೀಗಾಗಿ ಬಾಲದ 10 ಗ್ರಾಂ ಸರಿದೂಗಿಸಲು ಮೂತಿಗೆ ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಬಾಲ ಭಾರವಾದಾಗ ಒಮ್ಮೆ ಎದ್ದ ಮೂತಿ ತಾನಾಗಿ ಇಳಿಯದು, ಏಳುತ್ತಲೇ ಹೋಗುತ್ತದೆ. ವೇಗ ಕಳೆದುಕೊಂಡ ರೆಕ್ಕೆ ಎತ್ತುವ ಬಲವನ್ನೂ ಕಳೆದುಕೊಳ್ಳುತ್ತದೆ. ಇದೇ ಸ್ಟಾಲ್.

ಹೀಗೆ ಪರೀಕ್ಷಿಸಿ. ಬ್ಯಾಟರಿ ಒಳಗಿಟ್ಟು, ರೆಕ್ಕೆಯ ಮುಂದಿನ ಅಂಚಿನಿಂದ 50–55 ಮಿ.ಮೀ. ಹಿಂದೆ, ಒಡಲಿನ ಎರಡೂ ಪಕ್ಕ, ರೆಕ್ಕೆಯ ಕೆಳಗಡೆ ಪೆನ್ನಿನಿಂದ ಗುರುತು ಮಾಡಿ. ಆ ಗುರುತುಗಳಿಗೆ ಬೆರಳ ತುದಿ ಕೊಟ್ಟು ಎತ್ತಿ. ವಿಮಾನ ಸಮವಾಗಿ, ಅಥವಾ ಮೂತಿ ತುಸುವೇ ತಗ್ಗಿ ನಿಲ್ಲಬೇಕು. ಬಾಲ ಜಗ್ಗಿದರೆ ಮೊದಲು ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಮೂತಿಗೆ ತೂಕ ಸೇರಿಸಿ.

ಎಡಕ್ಕೆ ವಾಲುವುದಕ್ಕೆ ಬೇರೆ ಕಾರಣ. ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತದೆ, ಅದರ ಪ್ರತಿಬಲ ಒಡಲನ್ನು ಎಡಕ್ಕೆ ತಿರುಚುತ್ತದೆ. ಎಸೆದ ಕ್ಷಣದಲ್ಲಿ ವೇಗ ಕಡಿಮೆ, ಥ್ರಾಟಲ್ (ಮೋಟಾರಿಗೆ ಕೊಡುವ ಶಕ್ತಿ) ಪೂರ್ತಿ. ಆಗಲೇ ಇದರ ಕಾಟ ಹೆಚ್ಚು. ಮೋಟಾರನ್ನು 2–3 ಡಿಗ್ರಿ ಬಲಕ್ಕೂ ಅಷ್ಟೇ ಕೆಳಕ್ಕೂ ತಿರುಗಿಸಿ ಕೂರಿಸಿ. ಮೋಟಾರಿನ ಹಿಂದೆ ಎಡಗಡೆಯ ಮತ್ತು ಮೇಲಿನ ಸ್ಕ್ರೂಗಳಿಗೆ ತೆಳು ವಾಷರ್ ಕೊಟ್ಟರೆ ಈ ಓರೆ ಬರುತ್ತದೆ. ರೆಕ್ಕೆ ತಿರುಚಿದೆಯೇ ಎಂದೂ ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ: ಬಲರೆಕ್ಕೆಯ ಹಿಂದಿನ ಅಂಚು ಕೆಳಗೆ ಬಾಗಿದ್ದರೆ ಆ ಪಕ್ಕ ಹೆಚ್ಚು ಎತ್ತಿ ವಿಮಾನವನ್ನು ಎಡಕ್ಕೆ ಉರುಳಿಸುತ್ತದೆ.

ಮೋಟಾರು ಚಾಲೂ ಮಾಡುವ ಮೊದಲು ಎತ್ತರದ ಹುಲ್ಲಿರುವ ಕಡೆ ಸುಮ್ಮನೆ ಎಸೆದು ನೋಡಿ. ಭುಜದ ಎತ್ತರದಿಂದ 8–10 ಮೀಟರ್ ನೇರವಾಗಿ ಜಾರಿ ಇಳಿದರೆ ಸರಿ. ಎದ್ದು ಕುಸಿದರೆ ಬಾಲ ಭಾರ, ನೇರ ಮುಗ್ಗರಿಸಿದರೆ ಮೂತಿ ಭಾರ. ಸ್ಟಿಕ್ ನಿಮ್ಮ ಕಡೆ ಎಳೆದಾಗ ಎಲಿವೇಟರ್ ಮೇಲಕ್ಕೆ, ಬಲಕ್ಕೆ ತಳ್ಳಿದಾಗ ರಡ್ಡರ್ ಬಲಕ್ಕೆ ಹೋಗುತ್ತಿದೆಯೇ ನೋಡಿಕೊಳ್ಳಿ. ಎಲಿವೇಟರ್ ಮೇಲೆ ಕೆಳಗೆ 12 ಮಿ.ಮೀ.ಗಿಂತ ಹೆಚ್ಚು ಆಡುವುದು ಬೇಡ. ಎಸೆಯುವ ಕೆಲಸ ಜೊತೆಗಾರರಿಗೆ ಕೊಡಿ, ನಿಮ್ಮ ಎರಡೂ ಕೈ ರಿಮೋಟಿನ ಮೇಲಿರಲಿ. ಥ್ರಾಟಲ್ ಮುಕ್ಕಾಲು ಪಾಲು, ಗಾಳಿಗೆ ಎದುರಾಗಿ, ರೆಕ್ಕೆ ಸಮವಾಗಿ, ಮೂತಿ ಮೇಲೆತ್ತದೆ ನೇರ ಮುಂದಕ್ಕೆ. ಆಕಾಶಕ್ಕೆ ಎಸೆದರೆ ಮತ್ತೆ ಅದೇ ಸ್ಟಾಲ್.

ಪ್ರಶ್ನೆ: ವಿಮಾನ ನನ್ನ ಕಡೆಗೆ ಬರುವಾಗ ಎಡ ಬಲ ಗಲಿಬಿಲಿಯಾಗುತ್ತದೆ. ಉಪಾಯವಿದೆಯೇ?

ಉತ್ತರ: ಯಾವ ರೆಕ್ಕೆ ಕೆಳಗೆ ವಾಲಿದೆಯೋ ಸ್ಟಿಕ್ ಅನ್ನು ಆ ಪಕ್ಕಕ್ಕೇ ತಳ್ಳಿ, ರೆಕ್ಕೆಗೆ ಕೆಳಗಿನಿಂದ ಊರುಗೋಲು ಕೊಟ್ಟ ಹಾಗೆ. ಎದುರಿಗೆ ಬರುವಾಗ ಇದು ತಪ್ಪುವುದಿಲ್ಲ. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಇದೊಂದನ್ನೇ ಅಭ್ಯಾಸ ಮಾಡಿ, ಬೆರಳಿಗೆ ರೂಢಿಯಾಗಲಿ. ಮೈದಾನದಲ್ಲಿ ಮೊದಲು 30 ಮೀಟರ್ ಎತ್ತರಕ್ಕೆ ಹೋಗಿ, ಆಮೇಲೆ ತಿರುಗಿಸಲು ಶುರು ಮಾಡಿ. ಗೊಂದಲವಾದರೆ ಥ್ರಾಟಲ್ ತಗ್ಗಿಸಿ ಸ್ಟಿಕ್ ಬಿಟ್ಟುಬಿಡಿ. ಮೇಲೆ ಹೇಳಿದ ಬಾಗು ರೆಕ್ಕೆಗಿದ್ದರೆ, ಎತ್ತರವೂ ಇದ್ದರೆ, ವಿಮಾನ ತಾನೇ ಸಮವಾಗುತ್ತದೆ.

ಪ್ರಶ್ನೆ: ಸೂಪರ್ ಗ್ಲೂ ಹಾಕಿದ ಕಡೆ ಥರ್ಮಾಕೋಲ್ ಕರಗಿ ಗುಳಿ ಬಿತ್ತು. ಏಕೆ?

ಉತ್ತರ: ಸಾಮಾನ್ಯ ಸೂಪರ್ ಗ್ಲೂ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಎಪಾಕ್ಸಿ, ಬಿಳಿ ಅಂಟು ಅಥವಾ ಫೋಮ್‌ಗೆಂದೇ ಬರುವ ಗ್ಲೂ ಬಳಸಿ.

ಪ್ರಶ್ನೆ: ಲಿಪೊ ಬ್ಯಾಟರಿ ಉಬ್ಬಿದೆ. ಇನ್ನೂ ಕೆಲವು ಸಲ ಹಾರಿಸಬಹುದೇ?

ಉತ್ತರ: ಖಂಡಿತ ಬೇಡ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು, ಬ್ಯಾಟರಿ ವಿಲೇವಾರಿ ಮಾಡುವವರಿಗೆ ಒಪ್ಪಿಸಿ. ಪೂರ್ತಿ ಖಾಲಿಯಾಗುವ ತನಕ ಹಾರಿಸುವುದು, ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಇಡುವುದು ಉಬ್ಬಲು ಮುಖ್ಯ ಕಾರಣಗಳು. ಹೊಸದಕ್ಕೆ ಪ್ರತಿ ಸೆಲ್ 4.2 ವೋಲ್ಟ್ ದಾಟದಿರಲಿ, 3.5ಕ್ಕಿಂತ ಕೆಳಗೆ ಇಳಿಯದಿರಲಿ, ಎತ್ತಿಡುವಾಗ 3.8ರ ಸುತ್ತ ಇರಲಿ. 2200 ಎಂಎಎಚ್ ಬ್ಯಾಟರಿಗೆ ಚಾರ್ಜರನ್ನು 2.2 ಆಂಪಿಯರಿಗೆ ಹೊಂದಿಸಿ, ಮುಗಿಯುವವರೆಗೆ ಪಕ್ಕದಲ್ಲೇ ಇರಿ. ರಿಮೋಟಿನ ಟೈಮರನ್ನು ಮೊದಲಿಗೆ 6 ನಿಮಿಷಕ್ಕೆ ಇಟ್ಟು, ಇಳಿಸಿದ ಮೇಲೆ ವೋಲ್ಟೇಜ್ ಅಳೆದು ನೋಡಿ, ಸಮಯವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಿ.