ಗೇಟಿನ ಪಕ್ಕಕ್ಕೆ ಸೀತಾ ಅಶೋಕ ನೋಡಿ

ಸರ್, ತುಮಕೂರಿನ 30×40 ಸೈಟಿನಲ್ಲಿ ಗೇಟಿನ ಪಕ್ಕದ ಎಂಟಡಿ ಜಾಗಕ್ಕೆ ಗುಲ್‌ಮೊಹರ್ ಹಾಕಲೇ, ನಮ್ಮ ನಾಡಿನ ಮರವೇ ಎಂದು ಕೇಳಿದ್ದೀರಿ. ಗುಲ್‌ಮೊಹರ್ ಬೇಡ. ಅದು ಮಡಗಾಸ್ಕರ್‌ನದು, ಜೋರು ಗಾಳಿಗೆ ಕೊಂಬೆ ಮುರಿಯುತ್ತದೆ.

ನನ್ನ ಓಟು ಸೀತಾ ಅಶೋಕಕ್ಕೆ. ವರ್ಷವಿಡೀ ಹಸಿರು, ಕಿತ್ತಳೆ-ಕೆಂಪು ಹೂಗೊಂಚಲು ಹಳೇ ಕೊಂಬೆಗೇ ಅಂಟಿಕೊಂಡು ಅರಳುತ್ತದೆ. ನಿಧಾನವಾಗಿ ಬೆಳೆಯುತ್ತದೆ, ಎಳೆಯದಕ್ಕೆ ಸ್ವಲ್ಪ ನೆರಳು, ಬೇಸಿಗೆಯಲ್ಲಿ ತಪ್ಪದೆ ನೀರು ಬೇಕು. ನರ್ಸರಿಯಲ್ಲಿ 'ಅಶೋಕ' ಎಂದಷ್ಟೇ ಕೇಳಿದರೆ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಇನ್ನೊಂದನ್ನೇ ಕೊಟ್ಟಾರು, ಹುಷಾರು!

ಅಷ್ಟು ನೀರಿಲ್ಲವೇ? ಬೆಟ್ಟದ ನೆಲ್ಲಿ ಹಾಕಿ. ಹೊಂಗೆ ನನಗಿಷ್ಟ, ಜೇನಿಗೂ. ಆದರೆ ಅದು ಹರಡುತ್ತದೆ, ಕಾಂಪೌಂಡಿನ ಹೊರಗೇ ಸರಿ, ಮೇಲೆ ಕರೆಂಟ್ ತಂತಿ ಇರಬಾರದು. ಅರಳಿ, ಅತ್ತಿ ಗೋಡೆಯ ಹತ್ತಿರ ಬೇಡವೇ ಬೇಡ. ಜೂನ್ ಮಳೆ ಹಿಡಿದ ಮೇಲೆ ನೆಡಿ.