"ಸೇವಿಸಿದಳು" ಅಂತ ಬರೆಯುವ ಮುಂಚೆ

ನಮಸ್ಕಾರ.

ನಿಮ್ಮ "ಮಂಜಿನ ಮೇಲೆ ಜಾರಿದ ಕನಸು" ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ವಿಷಯ ಬಿಡಬೇಡಿ. ಕಮಿಲಾ ವಲಿಯೇವಾ ಕತೆ, ಅಂದರೆ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹದಿನೈದು ವರ್ಷದ ರಷ್ಯಾದ ಸ್ಕೇಟರ್ ಡೋಪಿಂಗ್ ವಿವಾದದಲ್ಲಿ ಸಿಕ್ಕಿಕೊಂಡದ್ದು, ಕನ್ನಡದಲ್ಲಿ ಆ ವಾರದ ಸುದ್ದಿಯಾಗಿ ಬಂದು ಹೋಯಿತು. ಕೂತು ನಿಧಾನವಾಗಿ ಬರೆದದ್ದು ನನ್ನ ಕಣ್ಣಿಗಂತೂ ಬಿದ್ದಿಲ್ಲ. ನೀವು ಬರೆಯಬಹುದು ಅಂತ ನನಗೆ ಅನಿಸಿದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ಮೊದಲ ವಾಕ್ಯ ಇದು: "ಹಿಮನಾಡಿನ ಈ ಮುಗ್ಧ ಹೂವು ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದಾಗ ಜಗತ್ತೇ ಕಣ್ಣೀರಿಟ್ಟಿತು." ಹೂವು ಬೇಡ, ಜಗತ್ತಿನ ಕಣ್ಣೀರೂ ಬೇಡ. ಅವನ್ನು ತೆಗೆಯುವುದು ಸುಲಭ. ನನ್ನನ್ನು ತಡೆದು ನಿಲ್ಲಿಸಿದ್ದು "ಸೇವಿಸಿ" ಅನ್ನುವ ಪದ. "ಉದ್ದೀಪನ ಮದ್ದು ಸೇವನೆ" ಅಂತ ಪತ್ರಿಕೆಗಳಲ್ಲಿ ಬರೆದೂ ಬರೆದೂ ಅದು ಒಂದೇ ಪದದಂತೆ ಆಗಿಬಿಟ್ಟಿದೆ, ನಾವು ಯೋಚನೆ ಮಾಡದೆ ಬಳಸುತ್ತೇವೆ. ಆದರೆ ಸೇವಿಸಿದಳು ಅಂದರೆ ಗೊತ್ತಿದ್ದು ತಗೊಂಡಳು ಅಂತಲೇ ಓದುಗನ ಕಿವಿಗೆ ಬೀಳುತ್ತದೆ. ಲ್ಯಾಬ್ ಅದನ್ನು ಹೇಳಲಿಲ್ಲ, ಹೇಳುವುದಕ್ಕೂ ಆಗುವುದಿಲ್ಲ. ಮೂತ್ರದಲ್ಲಿ ಈ ವಸ್ತು ಇದೆ ಅಂತ ಮಾತ್ರ ಅದು ಹೇಳಬಲ್ಲದು. ಯಾರ ಕೈಯಿಂದ ಬಂತು, ಯಾವ ಲೋಟದಲ್ಲಿ ಬಂತು, ಅವಳಿಗೆ ಗೊತ್ತಿತ್ತೋ ಇಲ್ಲವೋ ಅನ್ನೋದು ಲ್ಯಾಬಿನ ಆಚೆಗಿನ ಮಾತು. "ಪತ್ತೆಯಾಯಿತು" ಅಂತ ಬರೆಯಿರಿ. ಒಂದೇ ಪದ, ಆದರೆ ಲೇಖನದ ದಿಕ್ಕೇ ಬದಲಾಗುತ್ತದೆ.

"ಉದ್ದೀಪನ" ಕೂಡ ಇಲ್ಲಿ ಸರಿಯಾಗಿ ಕೂರುವುದಿಲ್ಲ. ಸಿಕ್ಕಿದ್ದು ಟ್ರೈಮೆಟಾಜಿಡಿನ್. ಎದೆನೋವಿನ ಹೃದ್ರೋಗಿಗಳಿಗೆ ಕೊಡುವ ಮಾತ್ರೆ, ನಮ್ಮ ಊರುಗಳ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ನಿಮ್ಮ ಮನೆಯ ಹಿರಿಯರ ಡಬ್ಬಿಯಲ್ಲೇ ಇದ್ದರೂ ಇರಬಹುದು. ಹೃದಯ ಕೊಬ್ಬಿನ ಬದಲು ಗ್ಲೂಕೋಸ್ ಜಾಸ್ತಿ ಉರಿಸುವಂತೆ ಮಾಡಿ, ಕಡಿಮೆ ಆಮ್ಲಜನಕದಲ್ಲಿ ಕೆಲಸ ಸಾಗಿಸುವುದಕ್ಕೆ ಅದು ನೆರವಾಗುತ್ತದೆ. 2014ರಿಂದ ಅದು ಡೋಪಿಂಗ್ ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. "ನಿಷೇಧಿತ ಮದ್ದು" ಅಂದರೆ ಸಾಕು. ನೀವು "ಭಾರೀ ಪ್ರಮಾಣದಲ್ಲಿ" ಅಂತ ಬೇರೆ ಬರೆದಿದ್ದೀರಿ. ಒಂದು ಮಿಲಿಲೀಟರಿಗೆ 2.1 ನ್ಯಾನೋಗ್ರಾಂ ಇತ್ತು. ನ್ಯಾನೋಗ್ರಾಂ ಅಂದರೆ ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಒಂದು. ಅಷ್ಟು ಕಡಿಮೆ ಇದ್ದದ್ದರಿಂದ ಅವಳು ನಿರಪರಾಧಿ ಅಂತಲೂ ಆಗುವುದಿಲ್ಲ, ಯಾಕೆಂದರೆ ಹಿಂದೆ ಯಾವಾಗಲೋ ತಗೊಂಡದ್ದರ ಕೊನೆಯ ಕುರುಹೂ ಅಷ್ಟೇ ಇರಬಹುದು. ಆದರೆ "ಭಾರೀ" ಅನ್ನೋದು ನೀವು ಸುಮ್ನೆ ಸೇರಿಸಿದ್ದು. ಅದನ್ನು ತೆಗೆಯಿರಿ.

ಇನ್ನು ದಿನಾಂಕಗಳು. ನಿಮ್ಮ ಲೇಖನದಲ್ಲಿ ಎಲ್ಲವೂ ಬೀಜಿಂಗ್‌ನಲ್ಲೇ ಒಂದೇ ಉಸಿರಿನಲ್ಲಿ ನಡೆದುಹೋಗುತ್ತದೆ. ಹಾಗಾಗಲಿಲ್ಲ. ಸ್ಯಾಂಪಲ್ ತಗೊಂಡದ್ದು 2021ರ ಡಿಸೆಂಬರ್ 25ರಂದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ರಷ್ಯಾದ ರಾಷ್ಟ್ರೀಯ ಚಾಂಪಿಯನ್‌ಷಿಪ್ ವೇಳೆ. ಅದು ಸ್ಟಾಕ್‌ಹೋಮ್‌ನ ಲ್ಯಾಬಿಗೆ ಹೋಯಿತು. ಫಲಿತಾಂಶ ಹೊರಬಿದ್ದದ್ದು ಫೆಬ್ರವರಿ 8ರ ಹೊತ್ತಿಗೆ. ಆರು ವಾರ ದಾಟಿತ್ತು. ಕೋವಿಡ್‌ನಿಂದ ಲ್ಯಾಬಿನಲ್ಲಿ ಜನ ಕಡಿಮೆ ಇದ್ದರು ಅಂತ ರಷ್ಯಾದ ಡೋಪಿಂಗ್ ತಡೆ ಏಜೆನ್ಸಿ ಹೇಳಿತು. ಒಲಿಂಪಿಕ್ಸ್‌ಗೆ ಹೋಗುವ ಕ್ರೀಡಾಪಟುವಿನ ಸ್ಯಾಂಪಲ್ ಇದು, ಬೇಗ ನೋಡಿ ಅಂತ ಆ ಏಜೆನ್ಸಿ ಗುರುತೇ ಹಾಕಿರಲಿಲ್ಲ ಅಂತ ವಾಡಾ ಹೇಳಿತು. ಅಷ್ಟರಲ್ಲಿ, ಫೆಬ್ರವರಿ 7ರಂದು, ಅವಳು ತಂಡದ ಸ್ಪರ್ಧೆಯಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಿಗಿತ ಹಾಕಿ ಒಲಿಂಪಿಕ್ಸ್‌ನಲ್ಲಿ ಹಾಗೆ ಮಾಡಿದ ಮೊದಲ ಮಹಿಳೆ ಆಗಿದ್ದಳು, ರಷ್ಯಾ ತಂಡ ಮೊದಲ ಸ್ಥಾನದಲ್ಲಿತ್ತು. ಮರುದಿನದ ಪದಕ ಪ್ರದಾನ ನಿಂತುಹೋಯಿತು. ಈ ಆರು ವಾರದಲ್ಲಿ ಅವಳು ಮಾಡಿದ ತಪ್ಪು ಒಂದೂ ಇಲ್ಲ. ಏನಾಯಿತೋ ಎಲ್ಲ ದೊಡ್ಡವರ ಮೇಜಿನ ಮೇಲೆ ಆಯಿತು. ನಿಮ್ಮ ಲೇಖನದಲ್ಲಿ ಈ ಆರು ವಾರಕ್ಕೆ ಒಂದು ಸಾಲೂ ಇಲ್ಲ, ಫೆಬ್ರವರಿ 17ರಂದು ವೈಯಕ್ತಿಕ ಸ್ಪರ್ಧೆಯಲ್ಲಿ ಸೋತ ಮೇಲಿನ ಅಳುವಿಗೆ ನಾಲ್ಕು ಪ್ಯಾರಾ ಇದೆ.

ಇನ್ನೊಂದು ಸಣ್ಣ ವಿಷಯ, ನೀವು ಗಮನಿಸಿರಲಿಕ್ಕಿಲ್ಲ. ಮೊದಲ ಅರ್ಧದಲ್ಲಿ ಅವಳನ್ನು "ಅವಳು" ಅಂತ ಕರೆದಿದ್ದೀರಿ. ಟೆಸ್ಟ್ ಸುದ್ದಿ ಬಂದ ಮೇಲೆ "ಆಕೆ" ಆಗಿದ್ದಾಳೆ. ಮನೆಮಗು ಇದ್ದಕ್ಕಿದ್ದಂತೆ ಆರೋಪಿ ಆದಳು. ಕೋಚ್ ಎತೆರಿ ಟುಟ್‌ಬೆರಿಡ್ಜೆ ಮಾತ್ರ ಶುರುವಿನಿಂದ ಕೊನೆವರೆಗೂ "ಅವರು"! ನಮ್ಮ ಭಾಷೆಯಲ್ಲಿ ಸರ್ವನಾಮವೇ ತೀರ್ಪು ಹೇಳಿಬಿಡುತ್ತದೆ. ಹುಡುಗಿಗೆ ಒಂದೇ ಇಟ್ಟುಕೊಳ್ಳಿ. ನನ್ನ ಆಯ್ಕೆ "ಅವಳು", ಯಾಕೆಂದರೆ ಅವಳಿಗೆ ಹದಿನಾರು ತುಂಬಿದ್ದೇ ಆಮೇಲೆ, ಏಪ್ರಿಲ್ 26ಕ್ಕೆ.

ಫೆಬ್ರವರಿ 17ರ ರಾತ್ರಿಯ ಭಾಗಕ್ಕೆ ಬರ್ತೀನಿ. ಅಲ್ಲಿ ನಿಮ್ಮ ಬರವಣಿಗೆ ಚೆನ್ನಾಗಿದೆ, ಆದರೆ ಕ್ಯಾಮೆರಾ ತಪ್ಪು ಕಡೆ ನಿಂತಿದೆ. ಅವಳು ಬಿದ್ದದ್ದನ್ನು ಇಡೀ ಜಗತ್ತು ನೋಡಿದೆ. ಹತ್ತು ದಿನದ ಹಿಂದೆ ತಂಡದ ಫ್ರೀ ಸ್ಕೇಟ್‌ನಲ್ಲಿ 178.92 ಅಂಕ ತಗೊಂಡವಳು ಅವತ್ತು 141.93 ತಗೊಂಡಳು, ನಾಲ್ಕನೇ ಸ್ಥಾನಕ್ಕೆ ಇಳಿದಳು. ಅಷ್ಟು ಹೇಳಿದರೆ ಓದುಗನಿಗೆ ಅರ್ಥವಾಗುತ್ತದೆ. ನೀವು ಬರೆಯಬೇಕಾದ್ದು ಅವಳು ಅಂಚಿಗೆ ಬಂದ ಮೇಲಿನದು. ಕೋಚ್ ತಬ್ಬಿಕೊಳ್ಳಲಿಲ್ಲ, ಯಾಕೆ ಬಿಟ್ಟುಕೊಟ್ಟೆ, ಯಾಕೆ ಹೋರಾಡುವುದನ್ನು ನಿಲ್ಲಿಸಿದೆ ಅಂತ ಕೇಳಿದರು. ಅದು ಟಿವಿಯಲ್ಲಿ ಕೇಳಿಸಿತು. ಒಲಿಂಪಿಕ್ ಸಮಿತಿಯ ಆಗಿನ ಅಧ್ಯಕ್ಷ ಥಾಮಸ್ ಬಾಕ್ ಮರುದಿನ ಆ ತಣ್ಣನೆಯ ವರ್ತನೆ ನೋಡಿ ತಮಗೆ ಕಳವಳವಾಯಿತು ಅಂದರು. ಆದರೆ ಅವಳು ಮೊದಲ ಮೂರರಲ್ಲಿ ಬಂದರೆ ಪದಕ ಪ್ರದಾನವನ್ನೇ ಮಾಡುವುದಿಲ್ಲ ಅಂತ ಮೊದಲೇ ಘೋಷಿಸಿ, ಆ ಭಾರವನ್ನು ಹದಿನೈದರ ತಲೆಮೇಲೆ ಇಟ್ಟು ಮಂಜಿಗೆ ಇಳಿಸಿದ್ದು ಅವರದೇ ಸಮಿತಿ. ಇದನ್ನು ಪಕ್ಕಪಕ್ಕ ಇಡಿ. ಪಕ್ಕಪಕ್ಕ ಇಟ್ಟರೆ ಸಾಕು, ವ್ಯಾಖ್ಯಾನ ಬೇಡ. ಅದೇ ಹಾಲ್‌ನಲ್ಲಿ ಅದೇ ಕೋಚ್‌ನ ಇನ್ನಿಬ್ಬರು ಹುಡುಗಿಯರಿದ್ದರು, ಇಬ್ಬರಿಗೂ ಹದಿನೇಳು. ಚಿನ್ನ ಗೆದ್ದ ಅನ್ನಾ ಶೆರ್ಬಕೋವಾ ಒಬ್ಬಳೇ ನಿಂತಿದ್ದಳು. ಬೆಳ್ಳಿ ಗೆದ್ದ ಅಲೆಕ್ಸಾಂಡ್ರಾ ಟ್ರುಸೋವಾ ಈ ಆಟವೇ ಬೇಡ ಅಂತ ಅಳುತ್ತಿದ್ದಳು. ನಿಮ್ಮ ಲೇಖನದಲ್ಲಿ ಇವರಿಬ್ಬರೂ ಇಲ್ಲ. ಇವರು ಬಂದರೆ ಕತೆ ಒಬ್ಬಳ ದುರಂತವಾಗಿ ಉಳಿಯುವುದಿಲ್ಲ.

ಹಾಗಂತ ಕೋಚ್ ಮೇಲೆ ಮುಗಿಬೀಳುವುದನ್ನೂ ನಾನು ಒಪ್ಪುವುದಿಲ್ಲ. ಐದನೇ ಪುಟದಲ್ಲಿ "ಕೋಚ್ ಕೊಟ್ಟ ಮಾತ್ರೆಯೇ ಅವಳ ಬಾಳನ್ನು ನುಂಗಿತು" ಅಂತ ಬರೆದಿದ್ದೀರಿ. ಯಾರು ಕೊಟ್ಟರು ಅನ್ನುವುದು ಯಾವ ವಿಚಾರಣೆಯಲ್ಲೂ ಸಾಬೀತಾಗಿಲ್ಲ. ತಾತನ ಔಷಧಿಯಿಂದ ಬಂದಿರಬೇಕು ಅಂತ ಅವಳ ಕಡೆಯವರು ಹೇಳಿದರು, ಆಮೇಲೆ ತಾತ ಮಾಡಿದ ಸ್ಟ್ರಾಬೆರಿ ಸಿಹಿಯ ಮಾತು ಬಂತು, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯ ಮಂಡಳಿ ಅದನ್ನು ಒಪ್ಪಲಿಲ್ಲ. ಅಷ್ಟೇ ನಮಗೆ ಗೊತ್ತಿರುವುದು. ಇಂಥ ಕಡೆ ಸಿಟ್ಟನ್ನು ಪುರಾವೆಯ ಜಾಗದಲ್ಲಿ ಕೂರಿಸಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಗಟ್ಟಿ ನೆಲ ಬೇಕು.

ಆ ಗಟ್ಟಿ ನೆಲ ಕಾನೂನಿನಲ್ಲಿದೆ, ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. "ಬಾಲಕಿ ಎಂಬ ಕಾರಣಕ್ಕೆ ಪಾರಾದಳು" ಅಂತ. ಪಾರಾಗಲಿಲ್ಲ. ವಾಡಾ ನಿಯಮದಲ್ಲಿ ಹದಿನಾರರೊಳಗಿನವರು "ಸಂರಕ್ಷಿತ ವ್ಯಕ್ತಿ". 2022ರ ಫೆಬ್ರವರಿ 14ರಂದು ನ್ಯಾಯ ಮಂಡಳಿ ಅವಳಿಗೆ ಸ್ಕೇಟ್ ಮಾಡಲು ಬಿಟ್ಟಾಗ ಕೊಟ್ಟ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಆಮೇಲೆ ರಷ್ಯಾದ ಶಿಸ್ತು ಸಮಿತಿ ಅವಳದೇನೂ ತಪ್ಪಿಲ್ಲ ಅಂದಿತು, ವಾಡಾ ಮೇಲ್ಮನವಿ ಹಾಕಿತು, 2024ರ ಜನವರಿ 29ರಂದು ನಾಲ್ಕು ವರ್ಷದ ನಿಷೇಧ ಬಂತು. ದೊಡ್ಡವರಿಗೆ ಬೀಳುವಷ್ಟೇ! ಉದ್ದೇಶಪೂರ್ವಕ ಅಲ್ಲ ಅಂತ ತೋರಿಸುವ ಹೊಣೆ ಅವಳ ಮೇಲೇ ಇತ್ತು, ಅವಳಿಗೆ ತೋರಿಸಲು ಆಗಲಿಲ್ಲ, ಅಲ್ಲಿ ವಯಸ್ಸು ನೋಡಿ ಬೇರೆ ಅಳತೆ ಹಿಡಿಯಲು ನಿಯಮದಲ್ಲಿ ಜಾಗವಿಲ್ಲ ಅಂತ ಮಂಡಳಿ ಹೇಳಿತು. ಅಂದರೆ ಬೀಜಿಂಗ್‌ನಲ್ಲಿ ಮಂಜಿಗೆ ಇಳಿಯಲು ಅವಳು ಮಗು, ಶಿಕ್ಷೆಯ ಹೊತ್ತಿಗೆ ದೊಡ್ಡವಳು. ನಿಷೇಧ ಮುಗಿದದ್ದು 2025ರ ಡಿಸೆಂಬರ್ 25ಕ್ಕೆ, ಆಗ ಅವಳಿಗೆ ಹತ್ತೊಂಬತ್ತು. ಅವಳ ಸುತ್ತ ಇದ್ದ ದೊಡ್ಡವರಲ್ಲಿ ಈ ಪ್ರಕರಣಕ್ಕಾಗಿ ಒಬ್ಬರಿಗೂ ನಿಷೇಧ ಬೀಳಲಿಲ್ಲ. ನಿಮ್ಮ ಲೇಖನ ಇಲ್ಲಿದೆ ಕಣ್ರೀ. ನಾಲ್ಕು ಪ್ಯಾರಾ ಇದಕ್ಕೆ ಕೊಡಿ.

ಒಂದು ಸಂಗತಿ ಹೇಳಬೇಕು, ಯಾಕೆ ನನಗೆ ಇದು ಇಷ್ಟು ಕಾಡುತ್ತದೆ ಅಂತ ತಿಳಿಯಲಿ. ಕೆಲವು ವರ್ಷದ ಹಿಂದೆ ಅಕ್ಕನ ಮಗಳ ಜೊತೆ ಒಂದು ಜೂನಿಯರ್ ಅಥ್ಲೆಟಿಕ್ಸ್ ಕೂಟಕ್ಕೆ ಹೋಗಿದ್ದೆ. ಅವಳಿಗೆ ಹದಿನಾಲ್ಕು, 800 ಮೀಟರ್ ಓಟ. ನೆಲದ ಮೇಲೆ ಕೂತು ಸ್ಪೈಕ್ಸ್ ಲೇಸ್ ಕಟ್ಟುತ್ತಿದ್ದಳು. ತರಬೇತಿ ಕೊಡುತ್ತಿದ್ದವರು ಬಂದು ನಿಂತರು. ಇವಳು ತಲೆ ಎತ್ತಲೇ ಇಲ್ಲ, ಎಡಗೈಯಲ್ಲಿ ಲೇಸ್ ಹಿಡಿದುಕೊಂಡೇ ಬಲಗೈ ಚಾಚಿದಳು. ಅಂಗೈಗೆ ಎರಡು ಮಾತ್ರೆ ಬಿದ್ದವು, ಒಂದು ಬಿಳಿ, ಒಂದು ಹಳದಿ. ಬಾಯಿಗೆ ಹಾಕಿಕೊಂಡು ನೀರು ಕುಡಿದು ಮತ್ತೆ ಲೇಸ್ ಕಟ್ಟಲು ಶುರು ಮಾಡಿದಳು. "ಏನೇ ಅದು?" ಅಂದೆ. "ಗೊತ್ತಿಲ್ಲ ಮಾಮ, ಸರ್ ಕೊಟ್ರು" ಅಂದಳು. ವಿಟಮಿನ್ ಇರಬೇಕು, ನಿಜವಾಗಲೂ ವಿಟಮಿನ್ನೇ ಇರಬೇಕು. ಆದರೆ ಆ ಅಂಗೈ ನನಗೆ ಮರೆತಿಲ್ಲ. ಪ್ರಶ್ನೆ ಕೇಳದೆ ಇರುವುದನ್ನೇ ನಾವು ಮಕ್ಕಳಿಗೆ ಶಿಸ್ತು ಅಂತ ಕಲಿಸಿರುತ್ತೇವೆ, ಅಲ್ವಾ? ವಲಿಯೇವಾ ಸ್ಯಾಂಪಲ್‌ನಲ್ಲಿ ಹೃದಯಕ್ಕೆ ನೆರವಾಗಲಿ ಅಂತ ಕೆಲವೊಮ್ಮೆ ಬಳಸುವ ಹೈಪಾಕ್ಸೆನ್ ಮತ್ತು ಎಲ್-ಕಾರ್ನಿಟಿನ್ ಕೂಡ ಇದ್ದವು. ಎರಡಕ್ಕೂ ಆಗ ನಿಷೇಧವಿರಲಿಲ್ಲ, ಎರಡೂ ಪರೀಕ್ಷೆಯ ಫಾರಂನಲ್ಲಿ ಬರೆದಿದ್ದವು. ಹದಿನೈದರ ಆರೋಗ್ಯವಂತ ಹುಡುಗಿಗೆ ಅವು ಯಾಕೆ ಬೇಕಿತ್ತು? ಈ ಪ್ರಶ್ನೆ ಕೇಳಲು ಯಾರ ಮೇಲೂ ಆರೋಪ ಹೊರಿಸಬೇಕಿಲ್ಲ.

ಹಿನ್ನೆಲೆಗೆ ನೀವು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಓಟಗಾರ ಬೆನ್ ಜಾನ್ಸನ್‌ನಿಂದ ಹಿಡಿದು ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ವರೆಗೆ ಎಲ್ಲರನ್ನೂ ಕರೆತಂದಿದ್ದೀರಿ. ಅವರೆಲ್ಲ ದೊಡ್ಡವರು, ಈ ಕತೆಗೆ ಸಂಬಂಧವಿಲ್ಲ. ಬೇಕಿದ್ದರೆ ಪೂರ್ವ ಜರ್ಮನಿ ನೋಡಿ. 1970 ಮತ್ತು 80ರ ದಶಕಗಳಲ್ಲಿ ಅಲ್ಲಿ ಸರ್ಕಾರವೇ ಹದಿಹರೆಯದ ಈಜುಗಾರ್ತಿಯರಿಗೆ ವಿಟಮಿನ್ ಅಂತ ಹೇಳಿ ನೀಲಿ ಮಾತ್ರೆ ಕೊಡಿಸಿತು. ಅದು ಓರಲ್ ಟುರಿನಾಬಾಲ್, ಸ್ಟೆರಾಯ್ಡ್. ಮಕ್ಕಳ ಧ್ವನಿ ಒಡೆಯಿತು, ಆರೋಗ್ಯ ಕೆಟ್ಟಿತು. 2000ನೇ ಇಸವಿಯಲ್ಲಿ ಬರ್ಲಿನ್ ಕೋರ್ಟು ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹೋಪ್ನರ್ ಇಬ್ಬರನ್ನೂ ಅಪರಾಧಿಗಳು ಅಂದಿತು. ಜೈಲಿಗೆ ಹೋಗಲಿಲ್ಲ, ಶಿಕ್ಷೆ ಅಮಾನತಾಗಿತ್ತು. ಆದರೂ ಕಟಕಟೆಯಲ್ಲಿ ನಿಂತವರು ದೊಡ್ಡವರು, ಎದುರಿಗೆ ಸಾಕ್ಷಿ ಹೇಳಿದವರು ಆ ಮಕ್ಕಳು, ಬೆಳೆದ ಮೇಲೆ. ವಲಿಯೇವಾ ಪಕ್ಕದಲ್ಲಿ ಇಡಲು ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

"ಆದರೆ ಯಾವ ಪಾಠವನ್ನೂ ಯಾರೂ ಕಲಿಯಲಿಲ್ಲ" ಅಂತ ನೀವು ಬರೆದದ್ದು ಪೂರ್ತಿ ನಿಜವಲ್ಲ. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹದಿನೇಳಕ್ಕೆ, ಎರಡು ಹಂತದಲ್ಲಿ, ಏರಿಸಿತು. ವಲಿಯೇವಾ ಫಲಿತಾಂಶ ರದ್ದಾಗಿ ತಂಡದ ಚಿನ್ನ ಅಮೆರಿಕಕ್ಕೆ ಹೋಯಿತು, ಬೆಳ್ಳಿ ಜಪಾನಿಗೆ. ಅವರ ಕೊರಳಿಗೆ ಪದಕ ಬಿದ್ದದ್ದು 2024ರ ಆಗಸ್ಟ್‌ನಲ್ಲಿ, ಪ್ಯಾರಿಸ್‌ನ ಬೇಸಿಗೆಯಲ್ಲಿ. ವಲಿಯೇವಾ ಅಂಕ ಕಳೆದ ಮೇಲೂ ರಷ್ಯಾಕ್ಕೆ 54, ಕೆನಡಾಕ್ಕೆ 53, ಹಾಗಾಗಿ ಕಂಚು ರಷ್ಯಾದ್ದೇ. ಕೆನಡಾ ಮೇಲ್ಮನವಿ ಹಾಕಿ ಸೋತಿತು.

ಕೊನೆಯಲ್ಲಿ "ನಮ್ಮ ದೇಶವೂ ಎಚ್ಚೆತ್ತುಕೊಳ್ಳಬೇಕು" ಅಂತ ಒಂದು ಪ್ಯಾರಾ ಅಂಟಿಸಿದ್ದೀರಿ. ಅಂಟಿಸಿದ್ದು ಕಾಣುತ್ತದೆ. ಅಪ್ರಾಪ್ತರ ಡೋಪಿಂಗ್ ಬಗ್ಗೆ ವಾಡಾ 2024ರ ಜನವರಿಯಲ್ಲಿ ಒಂದು ವರದಿ ಕೊಟ್ಟಿತು, ಅದರಲ್ಲಿ ರಷ್ಯಾ ಬಿಟ್ಟರೆ ಮುಂದಿನ ಹೆಸರೇ ಭಾರತ. ಇದು ಪ್ಯಾರಾದ ವಿಷಯ ಅಲ್ಲ, ಬೇರೆ ಲೇಖನದ ವಿಷಯ. ಅದನ್ನು ಬರೆಯುವುದಾದರೆ ಕ್ರೀಡಾಂಗಣಗಳಿಗೆ ಹೋಗಿ, ತಿಂಗಳುಗಟ್ಟಲೆ ಮಕ್ಕಳ ಜೊತೆ, ತಾಯಂದಿರ ಜೊತೆ ಕೂತು ಬರೆಯಿರಿ. ಇದರಿಂದ ಆ ಪ್ಯಾರಾ ತೆಗೆಯಿರಿ.

ಹೊಸ ಕರಡು ಡಿಸೆಂಬರ್ 25ರ ಸ್ಯಾಂಪಲ್‌ನಿಂದ ಶುರುವಾಗಲಿ. ಎರಡು ಸಾವಿರ ಪದ ಸಾಕು, ಸಮಯ ತಗೊಳ್ಳಿ. ನೀವು ಕಳಿಸಿದ ಮೂರು ಫೋಟೋಗಳಲ್ಲಿ ಎರಡರಲ್ಲಿ ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ. ಅವನ್ನು ನಾವು ಹಾಕುವುದಿಲ್ಲ. ಮೂರನೆಯದು ಫೆಬ್ರವರಿ 7ರದ್ದು, ಜಿಗಿದು ಇಳಿದು ಎರಡೂ ಕೈ ಚಾಚಿರುವುದು. ಅದನ್ನು ತೆಗೆದಿಟ್ಟುಕೊಂಡಿದ್ದೇನೆ.