ಒಂದೇ ಗುಡ್ಡವನ್ನು ತೈಲವರ್ಣದಲ್ಲಿ ಮತ್ತೆ ಮತ್ತೆ ಚಿತ್ರಿಸುವುದು ಏಕೆ?

ಗುಡ್ಡ ಬದಲಾಗುವುದಿಲ್ಲ, ಅದರ ಮೇಲಿನ ಬೆಳಕು ಬದಲಾಗುತ್ತದೆ. ಚಿತ್ರಿಸುವುದು ಆ ಬೆಳಕನ್ನೇ. ಬಳ್ಳಾರಿ ಕೋಟೆಯ ಗುಡ್ಡವನ್ನು ನೋಡಿ: ಮುಂಜಾನೆಯ ಓರೆ ಬಿಸಿಲಿಗೆ ಗ್ರಾನೈಟ್ ಬಂಡೆ ಕೆಂಪೇರಿ, ಬಿರುಕುಗಳಲ್ಲಿ ನೀಲಿ ನೆರಳು ನಿಂತಿರುತ್ತದೆ. ನಡುಹಗಲಿಗೆ ನೆರಳು ಅಡಗಿ ಬಂಡೆ ಬಿಳುಚಿಕೊಳ್ಳುತ್ತದೆ. ಆಕಾರ ಕೈಗೆ ಪಳಗಿದರೆ ಗಮನವೆಲ್ಲ ಬಣ್ಣಕ್ಕೆ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಒಂದೇ ಚಿತ್ರವನ್ನು ತಿದ್ದುತ್ತಾ ಹೋಗಬಾರದೇ? ಆಗದು. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳೇ ಬೇಕು. ಬೆಳಗಿನ ಹಸಿ ಬಣ್ಣದ ಮೇಲೆ ಮಧ್ಯಾಹ್ನದ ಬಣ್ಣ ಹಚ್ಚಿದರೆ ಎರಡೂ ಕಲಸಿ ಮಂಕಾಗುತ್ತವೆ. ಆದ್ದರಿಂದ ಹೊತ್ತಿಗೊಂದು ಕ್ಯಾನ್ವಾಸ್. ಫ್ರಾನ್ಸಿನ ಕ್ಲೋಡ್ ಮೊನೆ 1890-91ರಲ್ಲಿ ಬಣವೆಗಳನ್ನು ಚಿತ್ರಿಸಿದ್ದು ಹೀಗೆಯೇ, ಬಿಸಿಲು ಸರಿದಂತೆ ಕ್ಯಾನ್ವಾಸ್ ಬದಲಿಸುತ್ತಾ.